ದೊರೆಸಾನಿಯ ಕುದುರೆ

ನನಗೆ ಗದ್ದಲ ಅಂದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಬರೆಯಹೊರಟಿರುವುದು ಪೂರ್ತಿ ಗದ್ದಲದ ಸಂಗತಿ.

ಸಿಡ್ನಿಯ ಎಪ್ಪಿಂಗಿನಲ್ಲಿ ನಾವು ಬಾಡಿಗೆಗಿದ್ದ ವರ್ಷಗಳಲ್ಲಿ, ಚಳಿ ಮುಗಿದು ಚೂರು ಬಿಸಿಲು ಕಂಡ ಕೂಡಲೇ, ಒಂದು ಭಾನುವಾರ ಸ್ಟೇಷನ್ನಿನ ಪಕ್ಕದ ಬೀದಿಯನ್ನು ಬಂದ್ ಮಾಡಿ ಬೀದಿ ಜಾತ್ರೆ ನಡೆಸುತ್ತಿದ್ದರು. ವಾರವಿಡೀ ನಾನು ಮುಖ ಗಂಟಿಕ್ಕಿಕೊಂಡು ಬಸ್ಸಿಗೆ ಕಾಯುತ್ತಿದ್ದ ಜಾಗದಲ್ಲಿ ಅವತ್ತು ಡ್ಯಾಶಿಂಗ್ ಕಾರುಗಳು ಗುದ್ದಾಡುತ್ತಿದ್ದವು. ಬ್ಯಾಂಕಿನ ಬಾಗಿಲಿಗೆ ಅಡ್ಡವಾಗಿ ಜಾಯಿಂಟ್ ವೀಲು, ಔಷಧಿ ಅಂಗಡಿಯ ಎದುರು ಬೊಂಬಾಯಿ ಮಿಠಾಯಿ, ಪೋಸ್ಟಾಫೀಸಿನ ಮುಂದೆ ಬ್ಯಾಂಡಿನವರು. ಒಂದು ಕಡೆ ಸಾಸೇಜು ಸುಡುವ ಹೊಗೆ, ಇನ್ನೊಂದು ಕಡೆ ಪೀಪಿ ಊದುವ ಮಕ್ಕಳು. ನನ್ನ ಗಂಡ ಬೆಂಗಳೂರಿನವನು, ಗದ್ದಲದಲ್ಲೇ ಹುಟ್ಟಿ ಬೆಳೆದವನು. ಅವನಿಗೆ ಇದು ಹಬ್ಬ. ನಾನು ಮಾತ್ರ ಆ ಭಾನುವಾರ ಕಿಟಕಿ ಹಾಕಿ, ಹೊದ್ದು ಮಲಗುವ ಪೈಕಿ.

ಉಡುಪಿಯಿಂದ ಅಮ್ಮ ಬಂದ ವರ್ಷ ಆ ಸುಖಕ್ಕೆ ಕಲ್ಲು ಬಿತ್ತು.

ಅಮ್ಮನಿಗೆ ಜಾತ್ರೆಯ ಸುದ್ದಿ ಹೇಳಿದವನು ನನ್ನ ಗಂಡ. ಅಳಿಯನ ಮುಂದೆ ಅಮ್ಮ ತುಳು ಬಿಟ್ಟು ಕನ್ನಡ ಆಡುತ್ತಾಳೆ. ನನ್ನನ್ನು ಬೈಯಲು ಮಾತ್ರ ತುಳು. ಸುದ್ದಿ ಕೇಳಿದವಳೇ, “ಜಾತ್ರೆಯಾ? ಯಾವ ದೇವರದ್ದು?” ಎಂದಳು.

“ದೇವ್ರು ಗೀವ್ರು ಯಾರೂ ಇಲ್ಲ ಅತ್ತೆ. ಸುಮ್ನೆ ಜಾತ್ರೆ.”

“ದೇವರಿಲ್ಲದ ಜಾತ್ರೆ ಎಂತದ್ದು ಮಾರಾಯ್ರೆ! ಮತ್ತೆ ಜನ ಯಾಕೆ ಬರುವುದು?”

“ತಿನ್ನೋಕೆ.”

“ಹಾಗಾದ್ರೆ ಅಡ್ಡಿ ಇಲ್ಲ,” ಎಂದು ಅಮ್ಮ ಒಪ್ಪಿಕೊಂಡಳು. ಅಷ್ಟೇ ಅಲ್ಲ, ಆ ವರ್ಷ ನಮ್ಮ ಕನ್ನಡದವರ ಮಳಿಗೆಯಲ್ಲಿ ಗೋಳಿಬಜೆ ತಾನೇ ಕಾಯಿಸುತ್ತೇನೆ ಎಂದು ಹೇಳಿ ಕಳಿಸಿದಳು. ಉಡುಪಿಯ ನಮ್ಮ ಓಣಿಯಲ್ಲಿ ಅಮ್ಮನ ಗೋಳಿಬಜೆಗೆ ಹೆಸರಿತ್ತು. ಎಪ್ಪಿಂಗಿನಲ್ಲೂ ಆಗಲಿ ಎಂದು ಆಸೆ. ನಾನು ಬೇಡವೆಂದೆ. ತುಳುವಿನಲ್ಲಿ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ನಮ್ಮದು ಕೆಂಪು ಇಟ್ಟಿಗೆಯ ಹಳೆ ಕಟ್ಟಡ. ಕೆಳಗಿನ ಮನೆಯಲ್ಲಿ ಒಬ್ಬರು ಇಂಗ್ಲೆಂಡಿನ ಮುದುಕಿ ಒಬ್ಬರೇ ಇದ್ದರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹಡಗು ಹತ್ತಿ ಬಂದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅಷ್ಟು ವರ್ಷ ಮೇಲೆ ಕೆಳಗೆ ಇದ್ದೂ ನನಗೂ ಅವರಿಗೂ ‘ಹಲೋ’ ಬಿಟ್ಟು ಮಾತಿರಲಿಲ್ಲ. ಅಮ್ಮ ಬಂದ ವಾರದೊಳಗೆ ಅವರಿಗೆ ‘ದೊರೆಸಾನಿ’ ಎಂದು ಹೆಸರಿಟ್ಟು, ಸಂಜೆಯ ಚಹಾಕ್ಕೆ ಅವರ ಮನೆಯಲ್ಲೇ ಕೂರುವಷ್ಟು ಬೆಳೆಸಿಕೊಂಡಳು. ಇಬ್ಬರ ನಡುವೆ ಭಾಷೆಯೇ ಇಲ್ಲ. ಗೆಳೆತನಕ್ಕೆ ಕಾರಣವಾದದ್ದು ಬಟ್ಟೆ ಒಣಗಿಸುವ ಕಂಬ.

ಕಟ್ಟಡದ ಹಿಂದಿನ ಹುಲ್ಲಿನ ಮೇಲೆ ಎಲ್ಲರಿಗೂ ಸೇರಿ ಒಂದು ಕಂಬವಿತ್ತು. ಬಿಚ್ಚಿದ ಕೊಡೆಯ ಹಾಗೆ ನಾಲ್ಕೂ ಕಡೆ ಕೈ ಚಾಚಿಕೊಂಡು, ಗಾಳಿ ಬೀಸಿದರೆ ತನ್ನಷ್ಟಕ್ಕೆ ತಿರುಗುವಂಥದ್ದು. ಅಮ್ಮ ಮೊದಲ ದಿನ ತನ್ನ ಸೀರೆಗಳನ್ನೆಲ್ಲ ಅದಕ್ಕೆ ಸುತ್ತ ಹರವಿದಳು. ಗಾಳಿ ಬಂತು. ಹಸಿರು, ಅರಿಶಿನ, ಕೆಂಪು ಸೀರೆಗಳು ಗಿರಗಿರನೆ ತಿರುಗತೊಡಗಿದವು. ಅಮ್ಮ ಸೆರಗೊಂದನ್ನು ಹಿಡಿಯಲು ಹಿಂದೆ ಹಿಂದೆ ಓಡುತ್ತಿದ್ದಾಗ ದೊರೆಸಾನಿ ಹಿಂಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕೋಲೂರಿಕೊಂಡು ಬಂದು ಕಂಬಕ್ಕೆ ತಾವೇ ಇನ್ನೊಂದು ನೂಕು ಕೊಟ್ಟರು! ಅಮ್ಮನಿಗೆ ಕೋಪ ಬರಬೇಕಿತ್ತು, ನಗು ಬಂತು. ದೊರೆಸಾನಿ ಗಾಳಿಯಲ್ಲಿ ಲಗಾಮು ಹಿಡಿದು ಕುದುರೆ ಓಡಿಸುವಂತೆ ಅಭಿನಯಿಸಿ, “ಮೈ ಫೇರ್, ಮೈ ಫೇರ್” ಎಂದರಂತೆ, ನನ್ನ ಜಾತ್ರೆ ಎಂದು. ಅಮ್ಮ ಅದನ್ನು ಮೇಲೆ ಬಂದು ನನ್ನೆದುರು ಮಾಡಿ ತೋರಿಸಿದಳು. ಪೂರ್ತಿ ಕಥೆ ತಿಳಿಯಲು ನಾನೇ ಕೆಳಗಿಳಿದು ಹೋಗಬೇಕಾಯಿತು.

ದೊರೆಸಾನಿಯದು ಇಂಗ್ಲೆಂಡಿನ ಒಂದು ಸಣ್ಣ ಸಂತೆಯೂರು. ಅಲ್ಲಿ ವರ್ಷಕ್ಕೊಮ್ಮೆ ಜಾತ್ರೆ ಊರ ಹೊರಗಿನ ಬಯಲಿನಲ್ಲಲ್ಲ, ಊರ ಬೀದಿಗೇ ಬಂದು ಇಳಿಯುತ್ತಿತ್ತಂತೆ. ಯಾವುದೋ ಕಾಲದ ರಾಜ ಕೊಟ್ಟ ಅಪ್ಪಣೆ. ಆ ದಿನಗಳಲ್ಲಿ ಬೀದಿ ಜಾತ್ರೆಯದ್ದು, ಯಾರೂ ತಕರಾರು ಮಾಡುವಂತಿಲ್ಲ. ಅವರ ಅಪ್ಪನ ಮಾಂಸದಂಗಡಿಯ ಬಾಗಿಲಿಗೇ ಮೆರಿಗೋರೌಂಡು ನಿಲ್ಲುತ್ತಿತ್ತು. ಮರದ ಕುದುರೆಗಳು, ಕತ್ತಿನ ಮೇಲೆ ಚಿನ್ನದ ಬಣ್ಣದಲ್ಲಿ ಒಂದೊಂದರ ಹೆಸರು. ಮಾಳಿಗೆಯ ಕಿಟಕಿಯಿಂದ ಕೈ ಚಾಚಿದರೆ ಕುದುರೆಯ ಕಿವಿ ಸಿಕ್ಕುತ್ತಿತ್ತು ಎಂದರು. ವರ್ಷಕ್ಕೆ ಒಮ್ಮೆಯಾದರೂ ಕುದುರೆ ಹತ್ತಲೇಬೇಕು, ಹತ್ತದಿದ್ದರೆ ಚಳಿಗಾಲ ಕಳೆಯುವುದಿಲ್ಲ ಎಂದು ಅವರ ಊರಿನ ನಂಬಿಕೆ. ಎಪ್ಪಿಂಗಿನ ಜಾತ್ರೆಗೂ ಅಂಥದ್ದೇ ಹಳೆಯ ಇಂಗ್ಲಿಷ್ ಮೆರಿಗೋರೌಂಡು ಒಂದು ಬರುತ್ತಿತ್ತು. ಅವರು ಒಂದು ವರ್ಷವೂ ತಪ್ಪಿಸಿರಲಿಲ್ಲ.

“ಬೇರೆ ಮೆರಿಗೋರೌಂಡುಗಳೆಲ್ಲ ತಪ್ಪು ಕಡೆಗೆ ತಿರುಗುತ್ತವೆ,” ಎಂದು ದೊರೆಸಾನಿ ಮೇಜಿನ ಮೇಲೆ ಬೆರಳಿನಿಂದ ಸುತ್ತು ಹಾಕಿ ತೋರಿಸಿದರು. “ನಮ್ಮೂರಿನವು ಗಡಿಯಾರದ ಮುಳ್ಳಿನ ಹಾಗೆ. ಇಲ್ಲಿಗೆ ಬರುವುದೂ ಹಾಗೇ.”

ಅಮ್ಮ ಬಗ್ಗಿ ಆ ಬೆರಳನ್ನೇ ನೋಡಿದಳು. “ಪ್ರದಕ್ಷಿಣೆ!” ಎಂದಳು. “ಮತ್ತೆ? ಅಪ್ರದಕ್ಷಿಣೆ ಬರ್ಲಿಕ್ಕೆ ಉಂಟಾ? ಹೆಂಗಸಿಗೆ ಬುದ್ಧಿ ಉಂಟು ನೋಡು.” ಅವತ್ತಿನಿಂದ ದೊರೆಸಾನಿಯ ಮೇಲೆ ಅಮ್ಮನ ಗೌರವ ಇಮ್ಮಡಿಯಾಯಿತು.

ಆ ವರ್ಷದ ಜಾತ್ರೆ ಅವರಿಗೆ ಕೊನೆಯದು. ಎಪ್ಪಿಂಗಿನ ಹಳೆ ಕಟ್ಟಡಗಳನ್ನೆಲ್ಲ ಕೆಡವಿ ಆಕಾಶಕ್ಕೆ ಏರಿಸುತ್ತಿದ್ದ ಕಾಲ ಅದು. ನಮ್ಮ ಕಟ್ಟಡವನ್ನೂ ಓನರ್‌ಗಳೆಲ್ಲ ಸೇರಿ ಬಿಲ್ಡರಿಗೆ ಮಾರಿದ್ದರು. ನಾವು ಬಾಡಿಗೆಯವರು, ಪ್ಯಾರಮಟ್ಟಾದಲ್ಲಿ ನನ್ನ ಆಫೀಸಿನ ಹತ್ತಿರ ಬೇರೆ ಮನೆ ನೋಡಿಕೊಂಡಿದ್ದೆವು. ದೊರೆಸಾನಿಯ ಮಗ ಮೆಲ್ಬರ್ನಿನ ಟ್ರುಗನಿನಾದಲ್ಲಿದ್ದ. ಜಾತ್ರೆ ಮುಗಿದ ವಾರದೊಳಗೆ ಬಂದು ತಾಯಿಯನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. “ಅಲ್ಲಿ ಮೆರಿಗೋರೌಂಡು ಇಲ್ಲ, ಗೋಡೌನುಗಳಿವೆ,” ಎಂದರು ದೊರೆಸಾನಿ, ನಗುತ್ತಲೇ. ಸೊಂಟದ ಆಪರೇಷನ್ ಆದಮೇಲೆ ಅವರು ಒಬ್ಬರೇ ಗೇಟು ದಾಟುತ್ತಿರಲಿಲ್ಲ. ಅವರಿಗೆ ಉಳಿದಿದ್ದ ಆಸೆ ಒಂದೇ. ಕೊನೆಯ ಬಾರಿ ಆ ಕುದುರೆ ಹತ್ತಬೇಕು.

ಈಗ ಅಮ್ಮನ ಇಂಗ್ಲಿಷಿನ ಬಗ್ಗೆ ಹೇಳಬೇಕು. ಕನ್ನಡವನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಡುವುದು ಅಮ್ಮನ ಪದ್ಧತಿ. “ಟೀ ಡ್ರಿಂಕ್ ಆಯ್ತಾ?” ಎನ್ನುತ್ತಿದ್ದಳು. ದೊರೆಸಾನಿಗೆ ಅದೆಲ್ಲ ಅರ್ಥವಾಗುತ್ತಿತ್ತು. ಚಹಾ ಮುಗಿದು ಏಳುವಾಗ ಅಮ್ಮ ದಿನವೂ ಸೆರಗು ಸರಿಮಾಡಿಕೊಂಡು, ತಲೆ ಅಲ್ಲಾಡಿಸಿ, “ಐ ಕಮ್, ಆಯ್ತಾ?” ಎನ್ನುತ್ತಿದ್ದಳು. ಬರ್ತೇನೆ, ಆಯ್ತಾ. ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು ಇನ್ನೇನು ಹೇಳುತ್ತಾರೆ? ತುಳುವಿನಲ್ಲೂ ಅದೇ, ‘ಬರ್ಪೆ’. ಹೋಗ್ತೇನೆ ಎನ್ನುವುದು ಅಪಶಕುನ. ನನಗೆ ಇದೊಂದು ವಿಷಯವೆಂದು ತೋರಿರಲೇ ಇಲ್ಲ. ನಾನೇ ಈ ದೇಶಕ್ಕೆ ಬಂದ ಹೊಸದರಲ್ಲಿ ಅಂಗಡಿಯ ಹುಡುಗಿ “ಸೀ ಯು ಲೇಟರ್” ಎಂದಾಗ, ಅಯ್ಯೋ ಯಾವಾಗ, ಯಾತಕ್ಕೆ ಎಂದು ಗಾಬರಿ ಬಿದ್ದವಳು. ಆದರೂ ತಲೆಗೆ ಹೋಗಲಿಲ್ಲ.

ಜಾತ್ರೆಯ ಹಿಂದಿನ ಸಂಜೆ ಅಮ್ಮ ಕೆಳಗಿಂದ ಬಂದು, “ದೊರೆಸಾನಿ ಇವತ್ತು ಕುದುರೆ, ಜಾತ್ರೆ ಅಂತ ತುಂಬಾ ಮಾತಾಡಿದ್ರು, ಪಾಪ. ನಾನು ಯೆಸ್ ಯೆಸ್ ಅಂದೆ,” ಎಂದಳು. ನಾನು ಮೈದಾಹಿಟ್ಟಿನ ಚೀಲ ಹೊರುತ್ತಿದ್ದೆ. “ಹ್ಞೂಂ,” ಅಂದೆ ಅಷ್ಟೇ.

ಮರುದಿನ ಬೆಳಗ್ಗೆ ಮಳಿಗೆ ಶುರುವಾಯಿತು. ಅಮ್ಮ ಹುಳಿ ಮೊಸರಿನಲ್ಲಿ ಕಲಸಿದ ಹಿಟ್ಟು, ಶುಂಠಿ, ಹಸಿಮೆಣಸು, ಕಾಯಿಚೂರು ಎಲ್ಲ ಸಿದ್ಧಮಾಡಿ ಎಣ್ಣೆಯ ಮುಂದೆ ನಿಂತಳು. ಕೌನ್ಸಿಲಿನವನೊಬ್ಬ ಬಂದು ಗ್ಲೌಸ್ ಹಾಕಲೇಬೇಕು ಎಂದ. ಗೋಳಿಬಜೆ ಗೊತ್ತಿದ್ದವರಿಗೆ ಇದರ ಕಷ್ಟ ಗೊತ್ತು. ಕೈ ಒದ್ದೆ ಮಾಡಿಕೊಂಡು ಬೆರಳಿನಿಂದ ಹಿಟ್ಟನ್ನು ಎಣ್ಣೆಗೆ ಜಾರಿಸಿದರೆ ಮಾತ್ರ ಅದು ಉಂಡೆಯಾಗುತ್ತದೆ. ಗ್ಲೌಸ್ ಹಾಕಿದ ಅಮ್ಮನ ಮೊದಲ ಎಣ್ಣೆಯಲ್ಲಿ ಬಾಲ ಬಂದ, ಕೊಂಬು ಬಂದ ಏನೇನೋ ಪ್ರಾಣಿಗಳು ಎದ್ದವು. “ಇವನ ತಲೆ! ಸೋಪು ಹಾಕಿ ತೊಳೆದ ಕೈ ಇವನಿಗೆ ಸಾಲದಾ?” ಎಂದು ಬೈಯುತ್ತಲೇ ಅಮ್ಮ ಗ್ಲೌಸಿನಲ್ಲೂ ಕೈ ಪಳಗಿಸಿಕೊಂಡಳು. ಆಮೇಲೆ ಬಂದವು ನೋಡಿ, ದುಂಡಗೆ, ಕೆಂಪಗೆ. ಆಸ್ಟ್ರೇಲಿಯಾದವರು ಅದನ್ನು ಖಾರದ ಡೋನಟ್ ಎಂದು ಕರೆದರು. ಅಮ್ಮ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದದ್ದು ದೊಡ್ಡದು.

ನಮ್ಮ ಎದುರೇ ಮೆರಿಗೋರೌಂಡು ನಿಂತಿತ್ತು. ಅದರ ಯಜಮಾನ ತೋಳಿನ ತುಂಬ ಹಚ್ಚೆಯ ದಪ್ಪ ಮನುಷ್ಯ, ಹೊಟ್ಟೆ ಹಸಿದಾಗಲೆಲ್ಲ ರಸ್ತೆ ದಾಟಿ ಬರುತ್ತಿದ್ದ. “ಇನ್ನೊಂದು ಪ್ಲೇಟ್ ಕೊಡು, ಲವ್,” ಎಂದ.

ಅಮ್ಮ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. “ಅವ ನನಗೆ ಲವ್ ಅಂತಾನಲ್ಲ!”

“ಇಲ್ಲಿ ಎಲ್ಲರಿಗೂ ಹಾಗೇ ಕರೆಯುವುದಮ್ಮ. ನಮ್ಮಲ್ಲಿ ಅಕ್ಕಾ ಅಂದ ಹಾಗೆ.”

“ಹೌದಾ?” ಅಮ್ಮ ಸ್ವಲ್ಪ ಯೋಚಿಸಿ, ಪ್ಲೇಟು ಚಾಚಿ, “ಟೇಕ್, ಲವ್,” ಎಂದಳು. ಮಳಿಗೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮುಖಕ್ಕೆ ಹುಲಿಯ ಬಣ್ಣ ಬಳಿಸಿಕೊಂಡ ಮಕ್ಕಳು ಬಂದಾಗ, “ಇದೆಂತ ಹುಲಿವೇಷ, ಮೈಗೆ ಹಚ್ಚಲೇ ಇಲ್ಲ?” ಎಂದು ಕೇಳಿ ಒಂದೊಂದು ಬಜೆ ಬಿಟ್ಟಿ ಕೊಟ್ಟಳು. ನಡುನಡುವೆ ಎದುರಿನ ಕುದುರೆಗಳನ್ನು ನೋಡಿ, “ಪ್ರದಕ್ಷಿಣೆಯೇ ಬರ್ತದೆ. ದೊರೆಸಾನಿ ಹೇಳಿದ್ದು ಸರಿ,” ಎನ್ನುತ್ತಿದ್ದಳು. ನನ್ನ ತಲೆ ಮಾತ್ರ ಸಿಡಿಯುತ್ತಿತ್ತು. ಮೆರಿಗೋರೌಂಡಿನ ಪೆಟ್ಟಿಗೆಯಲ್ಲಿ ಒಂದೇ ರಾಗ, ಬೆಳಗ್ಗಿನಿಂದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೊಸರು ಮುಗಿಯಿತು. ತರಲು ನಾನು ಮನೆಗೆ ಓಡಿದೆ. ಕಟ್ಟಡದ ಬಾಗಿಲಲ್ಲಿ ದೊರೆಸಾನಿ ತಮ್ಮ ಗಾಲಿಯ ವಾಕರಿನ ಸೀಟಿನ ಮೇಲೆ ಕೂತಿದ್ದರು. ಆ ಬಿಸಿಲಿನಲ್ಲೂ ನೀಲಿ ಕೋಟು, ಹೂವಿನ ಹ್ಯಾಟು, ತುಟಿಗೆ ಬಣ್ಣ, ತೊಡೆಯ ಮೇಲೆ ಕೈಚೀಲ.

“ಜಾತ್ರೆಗೆ ಬರಲಿಲ್ಲವಾ?” ಎಂದೆ.

“ಬೆಳಗ್ಗಿನಿಂದ ನಿನ್ನ ತಾಯಿಗೆ ಕಾಯುತ್ತಿದ್ದೇನೆ.”

“ಅಮ್ಮನಿಗಾ?”

“ಹೌದು. ನನ್ನನ್ನು ಕುದುರೆಯ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ನಿನ್ನೆ ಕೇಳಿದೆ. ಯೆಸ್ ಯೆಸ್, ಐ ಕಮ್ ಎಂದಳು. ಕೆಲಸ ಹೆಚ್ಚಾಗಿರಬೇಕು. ಬರುತ್ತಾಳೆ.”

 ಬೆಳಗ್ಗಿನಿಂದ! ಅಯ್ಯೋ ದೇವರೇ, ಬೆಳಗ್ಗಿನಿಂದ ಈ ಹ್ಯಾಟು ಹಾಕಿಕೊಂಡು ಕೂತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಆಟಗಳೆಲ್ಲ ನಿಲ್ಲುತ್ತವೆ, ಸಂಜೆಯೊಳಗೆ ಬೀದಿಯನ್ನು ಗುಡಿಸಿ ಬಸ್ಸಿಗೆ ವಾಪಸ್ ಕೊಡಬೇಕು. “ಬನ್ನಿ, ನಾನೇ ಕರೆದುಕೊಂಡು ಹೋಗ್ತೇನೆ, ಈಗಲೇ,” ಎಂದು ವಾಕರಿನ ಹಿಡಿ ಹಿಡಿದೆ.

ದೊರೆಸಾನಿ ಬ್ರೇಕು ಒತ್ತಿ ಹಿಡಿದರು. “ಬೇಡಮ್ಮ. ಅವಳು ಬಂದಾಗ ನಾನು ಇಲ್ಲಿರದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ.”

ನಾನು ಎಷ್ಟು ಹೇಳಿದರೂ ಆ ಹೆಂಗಸು ಕದಲಲಿಲ್ಲ. ಇಂಗ್ಲಿಷರ ಹಟ ಪುಸ್ತಕದಲ್ಲಿ ಓದಿದ್ದೆ, ಅವತ್ತು ಕಣ್ಣಾರೆ ಕಂಡೆ. ಮೊಸರು ಮರೆತು ವಾಪಸ್ ಓಡಿದೆ. ಪೀಪಿ ಊದುವ ಒಂದು ಮಗುವಿಗೆ ಅಡ್ಡ ಬಂದದ್ದಕ್ಕೆ ಕನ್ನಡದಲ್ಲೇ ಬೈದೆ. ಮಳಿಗೆಗೆ ಬಂದು ಏದುಸಿರು ಬಿಡುತ್ತ, “ಅಮ್ಮಾ, ನಿನ್ನೆ ದೊರೆಸಾನಿಗೆ ಏನು ಹೇಳಿ ಬಂದೆ?” ಎಂದು ಕೇಳಿದೆ.

“ಎಂತ ಹೇಳುವುದು? ಬರ್ತೇನೆ ಅಂದೆ.”

“ಅದಕ್ಕೆ ಅವರು ನೀನು ಬರ್ತೀ ಅಂತ ಕಾಯ್ತಾ ಕೂತಿದ್ದಾರೆ! ಬೆಳಗ್ಗಿನಿಂದ!”

“ನಾನು ಬರ್ತೇನೆ ಅಂದದ್ದು ಹೊರಡ್ಲಿಕ್ಕೆ!”

“ಅದು ಅವರಿಗೆ ಹೇಗೆ ಗೊತ್ತಾಗಬೇಕು? ಹೋಗ್ತೇನೆ ಅನ್ನಬೇಕಿತ್ತು.”

“ಹೋಗ್ತೇನೆ ಅಂತ ಹೇಳ್ಲಿಕ್ಕೆ ನಾನೇನು ಸಾಯ್ಲಿಕ್ಕೆ ಹೊರಟದ್ದಾ?” ಅಮ್ಮನ ಸ್ವರ ಮೊದಲು ಏರಿತು, ಆಮೇಲೆ ಒಮ್ಮೆಲೇ ಇಳಿಯಿತು. ಕೈಯಲ್ಲಿದ್ದ ಹಿಟ್ಟು ಎಣ್ಣೆಗೆ ಬೀಳದೆ ಗ್ಲೌಸಿನಲ್ಲೇ ಉಳಿಯಿತು. “ಬೆಳಗ್ಗಿನಿಂದವಾ? ಊಟ?”

“ಗೊತ್ತಿಲ್ಲ.”

ಅಮ್ಮ ಸೌಟನ್ನು ನನ್ನ ಗಂಡನ ಕೈಗೆ ಕೊಟ್ಟು ಹೊರಟೇಬಿಟ್ಟಳು. ಏಪ್ರನ್ನೂ ಬಿಚ್ಚಲಿಲ್ಲ, ಗ್ಲೌಸೂ ಬಿಚ್ಚಲಿಲ್ಲ. ಮಂಡಿ ನೋವೆಂದು ನಮ್ಮ ಮೆಟ್ಟಿಲನ್ನು ದಿನವೂ ಬೈಯುತ್ತಿದ್ದವಳು ಆ ಏರು ರಸ್ತೆಯಲ್ಲಿ ನನ್ನನ್ನು ಹಿಂದೆ ಹಾಕಿದಳು.

ಅಮ್ಮನನ್ನು ಕಂಡು ದೊರೆಸಾನಿ ವಾಚು ನೋಡಿಕೊಂಡು, “ಯು ಆರ್ ಲೇಟ್,” ಎಂದರು. ಅಷ್ಟೇ. ಕೋಪವಿಲ್ಲ, ಬೇಸರವಿಲ್ಲ. ಅಮ್ಮ ಆ ಹಿಟ್ಟಿನ ಗ್ಲೌಸಿನಲ್ಲೇ ಅವರ ಕೈ ಹಿಡಿದು, “ಸಾರಿ ಸಾರಿ, ಕಮ್ ಕಮ್,” ಎಂದಳು. ದೊರೆಸಾನಿಯನ್ನು ವಾಕರಿನ ಸೀಟಿನಲ್ಲೇ ಕೂರಿಸಿ ನಾನು ನೂಕಿದೆ. ಹಾಗೆ ನೂಕಬಾರದೆಂದು ಅದರ ಮೇಲೆ ಬರೆದಿತ್ತು; ಯಾರಿಗೆ ಬೇಕು? ಅಮ್ಮ ಮುಂದೆ ನಡೆಯುತ್ತ ಜನರನ್ನು ಎರಡೂ ಕೈಯಿಂದ ಸರಿಸುತ್ತ, “ಸೈಡ್, ಸೈಡ್! ದಾರಿ ಬಿಡಿ ಮಾರ್ರೆ!” ಎಂದು ಕೂಗಿದಳು. ಭಾಷೆ ತಿಳಿಯದಿದ್ದರೂ ಎಲ್ಲರೂ ದಾರಿ ಬಿಟ್ಟರು.

ನಾವು ತಲುಪುವಾಗ ಮೆರಿಗೋರೌಂಡು ನಿಂತಿತ್ತು. ಹಾಡು ನಿಂತಿತ್ತು. ಯಜಮಾನ ಜನರೇಟರಿನ ವೈರು ಕಳಚಿ ಸುತ್ತುತ್ತಿದ್ದ, ಸುತ್ತಲಿನ ಪರದೆಗಳು ಆಗಲೇ ಲಾರಿ ಏರಿದ್ದವು. ನಾನು ಸಮಾಚಾರ ಹೇಳಿದೆ. ಅವನು ಹಣೆ ಒರೆಸಿಕೊಂಡು ತಲೆಯಾಡಿಸಿದ. “ಕರೆಂಟು ತೆಗೆದಾಯಿತು. ಲಾರಿ ಹೊರಡಬೇಕು. ಮುಂದಿನ ವರ್ಷ ಬನ್ನಿ.”

ದೊರೆಸಾನಿ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡರು.  ಯಾರನ್ನು ಬೈಯಬೇಕೆಂದು ನನಗೆ ತಿಳಿಯಲಿಲ್ಲ.

ಅಮ್ಮ ಮುಂದೆ ಹೋದಳು. ಸೊಂಟದ ಮೇಲೆ ಕೈಯಿಟ್ಟು ಆ ಆಳನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. “ಲವ್,” ಎಂದಳು. ಅವನು ಬೆಚ್ಚಿ ತಿರುಗಿದ. “ಲವ್, ಯು ಈಟ್ ಮೈ ಬಜೆ. ಹೋಲ್ ಡೇ ಈಟ್. ನೌ ಶಿ ಹಾರ್ಸ್. ಒನ್ ರೌಂಡ್.”

“ಕರೆಂಟಿಲ್ಲ, ಲವ್.”

“ಕರೆಂಟ್ ಇಲ್ಲದಿದ್ರೆ ಕೈ ಇಲ್ವಾ ನಿಂಗೆ?” ಎಂದು ಅಮ್ಮ ಶುದ್ಧ ಕನ್ನಡದಲ್ಲಿ ಕೇಳಿ, ಎರಡೂ ಅಂಗೈ ಚಾಚಿ ನೂಕುವಂತೆ ತೋರಿಸಿದಳು.

ಅವನು ಅಮ್ಮನನ್ನು ನೋಡಿದ, ಮಡಿಲಲ್ಲಿ ಹ್ಯಾಟಿಟ್ಟುಕೊಂಡ ದೊರೆಸಾನಿಯನ್ನು ನೋಡಿದ. ಕೊನೆಗೆ ಬಾಯಲ್ಲೇ ಏನೋ ಗೊಣಗಿ, ವೈರನ್ನು ನೆಲಕ್ಕೆ ಹಾಕಿ, ಬ್ರೇಕು ಬಿಡಿಸಲು ಹೋದ. ನನ್ನ ಗಂಡ ಒಲೆ ಆರಿಸಿ ಓಡಿಬಂದ. ಅವನ ಹಿಂದೆ ನಮ್ಮ ಮಳಿಗೆಯ ಗಂಡಸರೆಲ್ಲ ಬಂದರು.

ಕುದುರೆಗಳ ನಡುವೆ ಕಾಲು ಹರಿಯದವರಿಗೆಂದು ಒಂದು ಚಂದದ ಬೆಂಚಿನ ಗಾಡಿಯೂ ಇತ್ತು. ಯಜಮಾನ ಅದನ್ನು ತೋರಿಸಿದ. ದೊರೆಸಾನಿ ಹ್ಯಾಟನ್ನು ಮತ್ತೆ ತಲೆಗೇರಿಸಿ, “ನಾನು ಬೆಂಚಿನಲ್ಲಿ ಕೂರಲು ಬಂದವಳಲ್ಲ,” ಎಂದರು. ಸರಿ, ಅವನೂ ನನ್ನ ಗಂಡನೂ ಸೇರಿ ಅವರನ್ನು ಎತ್ತಿ ಒಂದು ಬಿಳಿ ಕುದುರೆಯ ಮೇಲೆ ಅಡ್ಡಡ್ಡ ಕೂರಿಸಿದರು. ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರು ಬೇಕಿತ್ತು. ಅಮ್ಮ ಸೆರಗು ಬಿಗಿದು ಹಲಗೆ ಹತ್ತಿದಳು. ಉಡುಪಿಯಿಂದ ಮಣಿಪಾಲದ ಬಸ್ಸಿಗೂ ಲಿಂಬೆಹಣ್ಣು ಮೂಸುತ್ತ ಹೋಗುವ ಅಮ್ಮ! “ನಿನಗೆ ತಲೆ ತಿರುಗ್ತದೆ,” ಎಂದು ನಾನು ಕೂಗಿದೆ. “ಪ್ರದಕ್ಷಿಣೆಗೆ ತಿರುಗುವುದಿಲ್ಲ, ನೀನು ನೂಕು,” ಎಂದಳು.

ನೂಕಿದೆವು. ಮೊದಲು ಅದು ಮಿಸುಕಲೇ ಇಲ್ಲ. ನಮ್ಮ ಕಡಲತಡಿಯವರೊಬ್ಬರು “ಐಲೇಸಾ” ಎಂದು ಎತ್ತಿಕೊಟ್ಟರು, ಉಳಿದವರು ಹಿಡಿದರು. ಮೂರನೆಯ ಐಲೇಸಾಕ್ಕೆ ಚಕ್ರ ಕಿರ್ರೆಂದು ಮಗ್ಗುಲು ಬದಲಿಸಿತು. ನಿಧಾನವಾಗಿ ಬಿಳಿ ಕುದುರೆ ಮುಂದೆ ಸರಿಯಿತು, ತನ್ನ ಕಂಬದ ಮೇಲೆ ಒಂದಿಷ್ಟು ಏರಿತು, ಇಳಿಯಿತು. ಅದು ಕೈಯಿಂದ ನೂಕಿದರೂ ಏರಿ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಸ ಗುಡಿಸುತ್ತಿದ್ದವರು ಪೊರಕೆ ಬಿಟ್ಟು ಬಂದು ಕೈ ಹಚ್ಚಿದರು. ಅವರಿಗೆ ಐಲೇಸಾ ಏನೆಂದು ತಿಳಿಯದು, ಆದರೆ ಒಂದೇ ಸುತ್ತಿನಲ್ಲಿ ಕಲಿತರು. ದೊರೆಸಾನಿ ಲಗಾಮು ಹಿಡಿದು, ಗಲ್ಲ ಎತ್ತಿ, ಒಬ್ಬ ರಾಣಿಯ ಹಾಗೆ ಬ್ಯಾಂಕು, ಔಷಧಿ ಅಂಗಡಿ, ಪೋಸ್ಟಾಫೀಸು ದಾಟಿ ಹೋಗುತ್ತಿದ್ದರು. ನನ್ನೆದುರು ಬಂದಾಗಲೆಲ್ಲ ಅವರ ಕೆನ್ನೆ ಒದ್ದೆಯಾಗಿರುವುದು ಕಾಣುತ್ತಿತ್ತು, ಬಾಯಿ ನಗುತ್ತಿತ್ತು. ಅವರ ಸೊಂಟ ಅಪ್ಪಿ ಹಿಡಿದಿದ್ದ ಅಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಏನೋ ಜಪಿಸುತ್ತಿದ್ದಳು. ಒಂದು ಸುತ್ತು ಎಂದದ್ದು ಎಷ್ಟಾಯಿತೋ, ಯಾರೂ ಲೆಕ್ಕ ಹಿಡಿಯಲಿಲ್ಲ. ಗದ್ದಲ ಆಗದ ನಾನು ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದೆನಂತೆ. ಇದು ನನ್ನ ಗಂಡನ ಹೇಳಿಕೆ, ನಾನು ಒಪ್ಪಿಲ್ಲ.

ಇಳಿದ ಮೇಲೆ ಅಮ್ಮ ಮಳಿಗೆಯ ಹಿಂದೆ ಹೋಗಿ ವಾಂತಿ ಮಾಡಿದಳು. ಬಂದು ಬಾಯಿ ಒರೆಸಿಕೊಂಡು, “ಗ್ಲೌಸಿನ ವಾಸನೆಗೆ,” ಎಂದಳು.

ಮನೆಗೆ ನಡೆಯುವಾಗ ದೊರೆಸಾನಿಗೆ ನಾನು ವಿಷಯ ಬಿಡಿಸಿ ಹೇಳಿದೆ. ನಮ್ಮಲ್ಲಿ ಹೋಗುವವರು ಬರ್ತೇನೆ ಎನ್ನುತ್ತಾರೆ, ಅದು ಮಾತು ಕೊಟ್ಟದ್ದಲ್ಲ, ಹೊರಡುವಾಗಿನ ಮಾತು. ಉಳಿದವರು ಹೋಗಿ ಬಾ ಎನ್ನುತ್ತಾರೆ. ಅವರು ತಲೆದೂಗುತ್ತ ಕೇಳಿದರು.

“ಅಂದರೆ ಇಷ್ಟು ದಿನ ಅವಳು ಹೇಳುತ್ತಿದ್ದದ್ದು ಗುಡ್‌ಬೈ?”

“ಹೌದು.”

“ಆದರೆ ಮರುದಿನ ಬರುತ್ತಿದ್ದಳಲ್ಲ,” ಎಂದರು. “ಇಲ್ಲಿ ಎಲ್ಲರೂ ಸೀ ಯು ಲೇಟರ್ ಎನ್ನುತ್ತಾರೆ. ಯಾರೂ ಬರುವುದಿಲ್ಲ. ನಿನ್ನ ತಾಯಿ ಒಬ್ಬಳೇ ಹೇಳಿ ಬಂದವಳು.”

ಆ ವಾರ ಮಗ ಕಾರು ತಂದ. ದೊರೆಸಾನಿ ಕಿಟಕಿಯ ಗಾಜು ಇಳಿಸಿ, ನಮ್ಮ ಕಡೆ ನೋಡಿ, ಅಮ್ಮನ ಹಾಗೇ ತಲೆ ಅಲ್ಲಾಡಿಸಿ, “ಐ ಕಮ್, ಆಯ್ತಾ?” ಎಂದರು. ಅಮ್ಮ “ಗೋ, ಕಮ್” ಎಂದಳು, ಆಮೇಲೆ ಸೆರಗು ಕಣ್ಣಿಗೆ ಹೋಯಿತು.

ಇದಾದ ಎರಡು ವರ್ಷಕ್ಕೆ ಅಮ್ಮ ಮತ್ತೆ ಬಂದಳು. ಸಿಡ್ನಿಯಲ್ಲಿ ಇಳಿದವಳು ಪೆಟ್ಟಿಗೆ ಬಿಚ್ಚುವ ಮೊದಲೇ ಮೆಲ್ಬರ್ನಿಗೆ ಯಾವಾಗ ಎಂದು ಕೇಳಿದಳು. ದೊರೆಸಾನಿಗೆ ಈಗೀಗ ಮರೆವು, ಮಗನಾದ ತನ್ನನ್ನೇ ಒಮ್ಮೊಮ್ಮೆ ಗುರುತು ಹಿಡಿಯುವುದಿಲ್ಲ ಎಂದು ಅವರ ಮಗ ಫೋನಿನಲ್ಲಿ ನನಗೆ ಹೇಳಿದ್ದ. ಅಮ್ಮನಿಗೂ ಮಂಡಿ ಪೂರ್ತಿ ಕೈಕೊಟ್ಟಿತ್ತು. ಇದೊಂದು ಸಲ ಸಾಕು, ಇನ್ನು ಮೇಲೆ ಆಸ್ಟ್ರೇಲಿಯಾದಷ್ಟು ದೂರದ ವಿಮಾನ ಬೇಡವೆಂದು ಊರಿನ ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ಮೆಲ್ಬರ್ನಿಗೆ ಹೋದೆವು.

ಟ್ರುಗನಿನಾದಲ್ಲಿ ಗಾಳಿ ಅಂದರೆ ಗಾಳಿ. ಹೊಸ ಮನೆಗಳ ಸಾಲು, ಆಚೆಗೆ ಗೋಡೌನುಗಳು, ಅಕ್ಕಪಕ್ಕದ ಹಿತ್ತಲುಗಳಲ್ಲಿ ನಮ್ಮವರದ್ದೇ ಸೀರೆಗಳು. ದೊರೆಸಾನಿ ಮಗನ ಮನೆಯ ಹಿಂಬದಿಯ ಸಣ್ಣ ಮನೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಮ್ಮ ಗೋಳಿಬಜೆಯ ಸ್ಟೀಲ್ ಡಬ್ಬಿ ಹಿಡಿದು ಎದುರು ನಿಂತಳು. ಅವರು ಬಹಳ ಹೊತ್ತು ನೋಡಿದರು. 

“ಯು ಆರ್ ಲೇಟ್,” ಎಂದರು.

ಆಮೇಲೆ ಏನು ಕೇಳುತ್ತೀರಿ! ಡಬ್ಬಿ ಬಿಚ್ಚಿದ್ದೇ ಬಿಚ್ಚಿದ್ದು, ಇವಳ ಕನ್ನಡ, ಅವರ ಇಂಗ್ಲಿಷು, ಮಧ್ಯೆ ಕುದುರೆ ಓಡಿಸುವ ಅಭಿನಯ. ಮಗ ಬಾಗಿಲಲ್ಲಿ ನಿಂತು, ತಾಯಿ ಇಷ್ಟು ಮಾತಾಡಿ ತಿಂಗಳುಗಳೇ ಆದವು ಎಂದ. ಬಿಸಿಲು ಇಳಿಯುತ್ತಿದ್ದಂತೆ ನಾನು ವಿಮಾನದ ಹೊತ್ತಾಯಿತೆಂದು ಎಬ್ಬಿಸಿದೆ. ಅಮ್ಮ ಎದ್ದಳು, ಸೆರಗು ಸರಿಮಾಡಿಕೊಂಡಳು, ಬಾಗಿಲ ತನಕ ಬಂದಳು. ಅಲ್ಲೇ ನಿಂತುಬಿಟ್ಟಳು.

ಜೀವಮಾನವಿಡೀ ಯೋಚಿಸದೆ ಆಡಿದ ಮಾತನ್ನು ಅಮ್ಮ ಈಗ ಯೋಚಿಸಬೇಕಾಗಿತ್ತು. ಬರ್ತೇನೆ ಎಂದರೆ ಈ ಹೆಂಗಸು ಹ್ಯಾಟು ಹಾಕಿಕೊಂಡು ಕಾಯುತ್ತಾಳೆ. ಹೋಗ್ತೇನೆ ಎನ್ನಲು ಬಾಯಿ ಬಾರದು. ಅಮ್ಮ ನನ್ನ ಮುಖ ನೋಡಿದಳು.  

ಕುರ್ಚಿಯಿಂದ ದೊರೆಸಾನಿಯ ಸ್ವರ ಬಂತು. “ಸೇ ಇಟ್, ಲವ್.”

ಅಮ್ಮ ತಿರುಗಿ ತಲೆ ಅಲ್ಲಾಡಿಸಿದಳು. “ಐ ಕಮ್,” ಎಂದಳು. “ಆಯ್ತಾ?”

“ಗೋ, ಕಮ್,” ಎಂದರು ದೊರೆಸಾನಿ.

ಕಾರಿನಲ್ಲಿ ಅಮ್ಮ ಮೂಗು ಒರೆಸಿಕೊಳ್ಳುತ್ತ ಹೊರಗೆ ನೋಡುತ್ತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ.

“ಎಂತ ನೋಡ್ತೀ?” ಎಂದಳು. “ಹೇಳಿ ಆಯ್ತಲ್ಲ. ಮುಂದಿನ ವರ್ಷಕ್ಕೆ ಟಿಕೆಟ್ ಬುಕ್ ಮಾಡು.”